ಮಳೆಗಾಲದ ರಾತ್ರಿ ಟ್ರಿಪ್ ಆದಾಗ: ವೃದ್ಧಾಶ್ರಮದ ಕರೆಂಟ್, ದೀಪ, ಕರೆಗಂಟೆಯ ದೋಷ ಹುಡುಕುವ ಬಗೆ

ಪುನರ್ವಸು ಮಳೆ ಬಿಡದೆ ಹೊಡೆಯುತ್ತಿದ್ದ ದಿನ. ಬೆಳಗ್ಗೆ ಆರಕ್ಕೇ ಫೋನ್ ಬಂತು. ತೀರ್ಥಹಳ್ಳಿ ಕಡೆಯ ಒಂದು ಸಣ್ಣ ವೃದ್ಧಾಶ್ರಮ, ಹಳೇ ತೊಟ್ಟಿ ಮನೆಯನ್ನೇ ರಿಪೇರಿ ಮಾಡಿ ಹದಿನೆಂಟು ಜನ ಹಿರಿಯರನ್ನು ನೋಡಿಕೊಳ್ಳುತ್ತಿದ್ದಾರೆ. "ಅಣ್ಣಾ, ಇಎಲ್‌ಸಿಬಿ ಮೇಲೆ ನಿಲ್ತಾನೇ ಇಲ್ಲ. ರಾತ್ರಿ ಎರಡು ಗಂಟೆಯಿಂದ ಪೂರ್ತಿ ಕತ್ತಲೆ" ಅಂದರು ಅಲ್ಲಿಯ ಆಯಾ. ಇಎಲ್‌ಸಿಬಿ ಅಂದರೆ ಕರೆಂಟ್ ನೆಲಕ್ಕೆ ಸೋರಿದರೆ ತಾನಾಗಿ ಕಡಿಯುವ ಬ್ರೇಕರ್.

ಹೋಗಿ ನೋಡಿದರೆ ಬ್ರೇಕರುಗಳಿರುವ ಡಿಬಿ ಬಾಕ್ಸ್‌ಗಿಂತ ಮೊದಲು ನನಗೆ ಕಂಡದ್ದು ಮೂರನೇ ಕೋಣೆಯ ಅಜ್ಜಿ. ಎರಡೂವರೆಗೆ ಬಚ್ಚಲಿಗೆ ಹೋಗಲು ಎದ್ದಿದ್ದಾರೆ. ದೀಪ ಇಲ್ಲ. ಕರೆಗಂಟೆ ಒತ್ತಿದ್ದಾರೆ, ಅದೂ ಇಲ್ಲ. ಕತ್ತಲಲ್ಲಿ ಹೊಸಿಲು ದಾಟಲು ಭಯವಾಗಿ ಮಂಚದ ಅಂಚಿನಲ್ಲಿ ಕಿಟಕಿ ಸರಳು ಹಿಡಿದುಕೊಂಡು ಬೆಳಕು ಹರಿಯುವವರೆಗೂ ಕೂತಿದ್ದಾರೆ. "ಒತ್ತಿದೆ ಮಗಾ, ಎಷ್ಟು ಸಲ ಒತ್ತಿದೆ, ಯಾರಿಗೂ ಕೇಳಲಿಲ್ಲ" ಅಂದರು. ಬೆಲ್ ಸ್ವಿಚ್ಚಿನ ಬಿಳಿ ಗುಂಡಿಯ ಮೇಲೆ ಅವರ ಹೆಬ್ಬೆರಳಿಗೆ ಹಚ್ಚಿದ್ದ ನೋವಿನ ಮುಲಾಮು ದಪ್ಪಗೆ ಮೆತ್ತಿಕೊಂಡಿತ್ತು. ಆ ಗುಂಡಿಯನ್ನು ನೋಡಿದ ಮೇಲೆ ಇದನ್ನು ಬರೆಯಲೇಬೇಕು ಅನ್ನಿಸಿತು.

ಆ ರಾತ್ರಿ ಟ್ರಿಪ್ ಆದ ಬ್ರೇಕರ್ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ತಪ್ಪಿದ್ದದ್ದು ಬೇರೆ ಕಡೆ. ಗೀಸರ್, ಹೊರಗಿನ ದೀಪ, ಕೋಣೆಯ ದೀಪ, ಕರೆಗಂಟೆಯ ಅಡಾಪ್ಟರ್, ಫೋನಿನ ಡಬ್ಬಿ ಎಲ್ಲವೂ ಒಂದೇ ಬ್ರೇಕರಿಗೆ ಜೋತುಬಿದ್ದಿದ್ದವು. ಒಂದು ಗೀಸರಿಗೆ ತೇವ ಹಿಡಿದರೆ ಹದಿನೆಂಟು ಜನರ ದೀಪವೂ ಹೋಗಬೇಕು, ಕೂಗುವ ದಾರಿಯೂ ಹೋಗಬೇಕು ಅಂದರೆ ಅದು ವೈರಿಂಗ್ ಹಾಕಿದ ಕ್ರಮದ ದೋಷ. ಮಲೆನಾಡಿನ ವೃದ್ಧಾಶ್ರಮಗಳಲ್ಲಿ ನಾನು ಜಾಸ್ತಿ ನೋಡಿರುವುದು ಇದನ್ನೇ.

ಬಿದ್ದದ್ದು ಯಾವುದು ಅಂತ ಮೊದಲು ನೋಡಿ

ಡಿಬಿ ಬಾಗಿಲು ತೆಗೆದರೆ ಎರಡು ಬಗೆಯ ಬ್ರೇಕರ್ ಕಾಣುತ್ತವೆ. ಸಾಲಾಗಿ ಇರುವ ಚಿಕ್ಕವು ಎಂಸಿಬಿ. ಲೋಡ್ ಜಾಸ್ತಿಯಾದರೆ ಅಥವಾ ಶಾರ್ಟ್ ಆದರೆ ಅವು ಬೀಳುತ್ತವೆ. ಪಕ್ಕದಲ್ಲಿ ಸ್ವಲ್ಪ ಅಗಲವಾಗಿ, ಸಣ್ಣದೊಂದು ಟೆಸ್ಟ್ ಗುಂಡಿ ಇಟ್ಟುಕೊಂಡಿರುವುದು ಆರ್‌ಸಿಸಿಬಿ. ನಮ್ಮ ಕಡೆ ಇವತ್ತಿಗೂ ಎಲ್ಲರೂ ಇಎಲ್‌ಸಿಬಿ ಅಂತಲೇ ಕರೆಯುತ್ತಾರೆ, ಹೆಸರಿಗೆ ಜಗಳ ಬೇಡ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಅದು ಲೆಕ್ಕ ಇಡುತ್ತದೆ. ಲೆಕ್ಕ ತಪ್ಪಿದರೆ ಕರೆಂಟ್ ಎಲ್ಲೋ ನೆಲಕ್ಕೆ ಇಳಿಯುತ್ತಿದೆ ಎಂದು ಅರ್ಥ. ನೀರಿನ ಮೂಲಕವೋ, ಗೋಡೆಯ ಮೂಲಕವೋ, ಮನುಷ್ಯನ ಮೈ ಮೂಲಕವೋ ಅದಕ್ಕೆ ಗೊತ್ತಿಲ್ಲ. ಸುಮ್ನೆ ಕಡಿದುಬಿಡುತ್ತದೆ.

ಜನರ ಜೀವ ಕಾಯಲು ಹಾಕುವ ಆರ್‌ಸಿಸಿಬಿ 30 ಮಿಲಿ ಆಂಪಿನದು. ಎಷ್ಟು ಕಡಿಮೆ ಅಂದರೆ, 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬ್ ಉರಿಯಲು ಸುಮಾರು 40 ಮಿಲಿ ಆಂಪ್ ಬೇಕು. ಬಲ್ಬ್ ಉರಿಸುವಷ್ಟು ಕರೆಂಟ್ ಕೂಡ ಮೈಯಲ್ಲಿ ಹರಿಯಬಾರದು ಅಂತ ಇಟ್ಟ ಕಾವಲು ಇದು. ಎಂಸಿಬಿಗೆ ಇದು ಗೊತ್ತೇ ಆಗುವುದಿಲ್ಲ. 2 ಕಿಲೋವ್ಯಾಟಿನ ಗೀಸರ್ ಹೇಗೂ ಒಂಬತ್ತು ಆಂಪಿನ ಹತ್ತಿರ ಎಳೆಯುತ್ತದೆ, ಅದರ ಮೇಲೆ ಒಂದು ಆಂಪಿನ ನೂರರಲ್ಲಿ ಮೂರು ಭಾಗ ಸೋರಿದರೆ 16 ಆಂಪಿನ ಎಂಸಿಬಿ ಏಕೆ ಬೀಳುತ್ತದೆ?

ಆದ್ದರಿಂದ "ಇದು ಪದೇಪದೇ ಬೀಳುತ್ತೆ, ತೆಗೆದು ನೇರ ಕನೆಕ್ಷನ್ ಕೊಡಿ" ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ನನಗೂ ಹಾಗೆ ಕೇಳಿದವರಿದ್ದಾರೆ. ಮಾಡಿಕೊಡುವವರೂ ಸಿಗುತ್ತಾರೆ. ಬ್ರೇಕರ್ ಬೀಳುವುದು ನಿಲ್ಲುತ್ತದೆ, ಸೋರಿಕೆ ಹಾಗೇ ಇರುತ್ತದೆ. ಆಮೇಲೆ ಅದನ್ನು ಕಂಡುಹಿಡಿಯುವುದು ಬಚ್ಚಲಲ್ಲಿ ಒದ್ದೆ ಕೈಯಲ್ಲಿ ನಲ್ಲಿ ಮುಟ್ಟಿದವರು.

ರಾತ್ರಿ ಪಾಳಿಯವರು ಮಾಡಬಹುದಾದದ್ದು

ಇದಕ್ಕೆ ಎಲೆಕ್ಟ್ರಿಷಿಯನ್ ಬೇಕಿಲ್ಲ. ಒಣಗಿದ ಕೈ, ಕಾಲಿಗೆ ಒಣಗಿದ ರಬ್ಬರ್ ಚಪ್ಪಲಿ, ಕೈಯಲ್ಲಿ ಟಾರ್ಚ್. ಬಾಕ್ಸಿನ ಒಳಗೆ ನೀರು ಇಳಿದಿದ್ದರೆ, ಸುಟ್ಟ ವಾಸನೆ ಬರುತ್ತಿದ್ದರೆ, ಚಟಚಟ ಸದ್ದಿದ್ದರೆ ಮುಟ್ಟಲೇಬೇಡಿ, ದೂರದಿಂದ ಬಾಗಿಲು ಮುಚ್ಚಿ ಹಿರಿಯರನ್ನು ಆ ಜಗಲಿಯಿಂದ ಆಚೆ ಕರೆದುಕೊಂಡು ಹೋಗಿ ಫೋನ್ ಮಾಡಿ. ಅಂಥದ್ದೇನೂ ಇಲ್ಲ ಅಂದರೆ ಮೊದಲು ಗೀಸರ್, ಪಂಪು, ಹೊರಗಿನ ದೀಪ ಈ ಮೂರರ ಸ್ವಿಚ್ ಆಫ್ ಮಾಡಿ. ಆಮೇಲೆ ಎಂಸಿಬಿ ಎಲ್ಲವನ್ನೂ ಕೆಳಗೆ ಹಾಕಿ. ಆರ್‌ಸಿಸಿಬಿಯ ಹಿಡಿಕೆಯನ್ನು ಪೂರ್ತಿ ಕೆಳಗೆ ಒತ್ತಿ, ಆಮೇಲೆ ಮೇಲೆ ಎತ್ತಿ. ಅರ್ಧದಿಂದ ಎತ್ತಿದರೆ ಕೆಲವು ಕೂರುವುದಿಲ್ಲ. ನಿಂತಿತಾ? ಈಗ ಎಂಸಿಬಿ ಒಂದೊಂದಾಗಿ ಎತ್ತಿ, ಪ್ರತಿಯೊಂದಕ್ಕೂ ಹತ್ತು ಎಣಿಸಿ. ಯಾವುದನ್ನು ಎತ್ತಿದಾಗ ಬಿತ್ತೋ ಅದನ್ನು ಕೆಳಗೇ ಬಿಟ್ಟು, ಅದರ ಮೇಲೆ ಒಂದು ಚೂರು ಟೇಪ್ ಅಂಟಿಸಿ, ಉಳಿದದ್ದನ್ನು ಮೇಲೆ ಮಾಡಿ. ರಾತ್ರಿ ಕಳೆಯಲು ಇಷ್ಟು ಸಾಕು. ಆ ಒಂದನ್ನು ಮತ್ತೆ ಮತ್ತೆ ಎತ್ತಿ ನೋಡಬೇಡಿ.

ಬಿದ್ದ ಗಂಟೆ ಎಷ್ಟು, ಮಳೆ ಇತ್ತಾ, ಗುಡುಗಿತ್ತಾ, ಕರೆಂಟ್ ಹೋಗಿ ಬಂದ ಕೂಡಲೇ ಬಿತ್ತಾ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನನ್ನ ಅರ್ಧ ಕೆಲಸ ಮುಗಿಯುವುದು ಆ ನೋಟ್‌ಬುಕ್ಕಿನಲ್ಲಿ. ಜೋರು ಗುಡುಗಿಗೆ ಒಂದೇ ಸಲ ಬಿದ್ದು ಆಮೇಲೆ ತಿಂಗಳುಗಟ್ಟಲೆ ಸುಮ್ಮನಿದ್ದರೆ ಅದು ಮಿಂಚಿನ ಹೊಡೆತ, ಸರ್ಜ್ ಪ್ರೊಟೆಕ್ಟರ್ ಹಾಕಿಸುವ ಮಾತು. ಮಳೆ ಬಂದಾಗಲೆಲ್ಲ ಬಿದ್ದರೆ ನೀರು ಎಲ್ಲೋ ಒಳಗೆ ಹೋಗುತ್ತಿದೆ. ದಿನಾ ಒಂದೇ ಹೊತ್ತಿಗೆ ಬಿದ್ದರೆ ಆ ಹೊತ್ತಿಗೆ ಏನು ಆನ್ ಆಗುತ್ತದೆ ಅಂತ ನೋಡಬೇಕು.

ಆ ಮನೆಯಲ್ಲಿ ಸಿಕ್ಕಿದ್ದು

ನಾನು ಹೋದಾಗ ಮಳೆ ಸ್ವಲ್ಪ ತಗ್ಗಿತ್ತು. ಗೀಸರ್ ಬಿಟ್ಟು ಉಳಿದದ್ದೆಲ್ಲ ಎತ್ತಿದರೆ ಆರ್‌ಸಿಸಿಬಿ ನಿಂತಿತು. ಸೋರಿಕೆ ಅಳೆಯುವ ಕ್ಲ್ಯಾಂಪ್ ಮೀಟರ್ ಬರುತ್ತದೆ, ಮಾಮೂಲಿ ಕ್ಲ್ಯಾಂಪ್‌ಗಿಂತ ಸೂಕ್ಷ್ಮ. ಅದನ್ನು ಫೇಸ್, ನ್ಯೂಟ್ರಲ್ ಎರಡೂ ಒಟ್ಟಿಗೆ ಒಳಗೆ ಬರುವ ಹಾಗೆ ಹಾಕಬೇಕು. ಹೋದದ್ದೂ ಬಂದದ್ದೂ ಸಮ ಇದ್ದರೆ ಸೊನ್ನೆ ತೋರಿಸುತ್ತದೆ. ಅಲ್ಲಿ 17 ಮಿಲಿ ಆಂಪ್ ತೋರಿಸಿತು. ಒಂದೊಂದೇ ಸರ್ಕ್ಯೂಟ್ ಬಿಡಿಸುತ್ತಾ ಹೋದೆ. ಹೊರಗಿನ ದೀಪದ ಸಾಲೊಂದರಲ್ಲೇ 9. ಉಳಿದದ್ದು ಟಿವಿ, ಬಲ್ಬುಗಳ ಒಳಗಿನ ಸಣ್ಣಪುಟ್ಟ ಸೋರಿಕೆ, ಜೊತೆಗೆ ಹಳೇ ವೈರಿನ ತೇವ. ಗೀಸರ್ ಆನ್ ಮಾಡಿದರೆ ಅದರ ಪಾಲು 8.

30ರ ಆರ್‌ಸಿಸಿಬಿ 30ಕ್ಕೇ ಬೀಳಬೇಕೆಂದಿಲ್ಲ. 15ಕ್ಕಿಂತ ಕಡಿಮೆಗೆ ಬೀಳಬಾರದು, 30ಕ್ಕೆ ಬೀಳಲೇಬೇಕು, ನಡುವೆ ಎಲ್ಲಿ ಬಿದ್ದರೂ ಸರಿಯೇ. 17ಕ್ಕೆ ಹೇಗೋ ನಿಂತಿತ್ತು, 25ಕ್ಕೆ ಬಿತ್ತು. ರಾತ್ರಿ ಚಳಿ ಅಂತ ಗೀಸರ್ ಸ್ವಿಚ್ ಆನ್ ಬಿಟ್ಟು ಮಲಗಿದ್ದರು. ಎರಡರ ಹೊತ್ತಿಗೆ ನೀರು ತಣಿದು ಥರ್ಮೋಸ್ಟಾಟ್ ತಾನಾಗಿ ಗೀಸರನ್ನು ಆನ್ ಮಾಡಿದೆ. ಆಯಾ ಎತ್ತಿದಾಗಲೆಲ್ಲ ಗೀಸರ್ ಮತ್ತೆ ಎಳೆದಿದೆ, ಮತ್ತೆ ಬಿದ್ದಿದೆ. ಗೀಸರಿನ ಒಂದು ಸ್ವಿಚ್ ಆಫ್ ಮಾಡಿದ್ದರೆ ಆ ಅಜ್ಜಿಗೆ ದೀಪ ಬರುತ್ತಿತ್ತು. ಅದನ್ನು ಆಯಾಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅವರ ತಪ್ಪಲ್ಲ.

ಹೊರಗಿನ ಜಂಕ್ಷನ್ ಬಾಕ್ಸ್ ಇದ್ದದ್ದು ಬಚ್ಚಲ ಕಡೆಯ ಸೂರಿನ ಕೆಳಗೆ. ನಾಲ್ಕು ಸ್ಕ್ರೂ ಇರಬೇಕಾದ ಮುಚ್ಚಳಕ್ಕೆ ಎರಡೇ. ಬಿಚ್ಚಿದರೆ ಒಳಗೆ ಇರುವೆ ಗೂಡು. ತಂದು ಪೇರಿಸಿದ ಕೆಂಪು ಮಣ್ಣೆಲ್ಲ ನೀರು ಕುಡಿದು ಕೆಸರಾಗಿತ್ತು, ಆ ಕೆಸರಿನ ನಡುವೆ ಟೇಪ್ ಬಿಟ್ಟುಕೊಂಡ ಜಾಯಿಂಟ್. ತಾಮ್ರದ ಎಳೆಗಳು ಹಸಿರು ಕಟ್ಟಿದ್ದವು. ಬಾಕ್ಸಿನ ಕೆಳಗಡೆ ನೀರು ಇಳಿದುಹೋಗಲು ಒಂದು ತೂತೂ ಇರಲಿಲ್ಲ. ಕೇಬಲ್ ಮೇಲಿನಿಂದ ನೇರ ಬಾಕ್ಸಿಗೆ ಇಳಿದಿತ್ತು, ಅಂದರೆ ಮಳೆ ನೀರಿಗೆ ದಾರಿ ತೋರಿಸಿದ ಹಾಗೆ. ಕೇಬಲನ್ನು ಬಾಕ್ಸಿಗಿಂತ ಒಂದು ಗೇಣು ಕೆಳಗೆ ಇಳಿಸಿ, ಬಳಸಿ, ಕೆಳಗಿನಿಂದ ಒಳಗೆ ತರಬೇಕು. ಹನಿ ಬಳುಕಿನ ತಳದಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಆಗುಂಬೆ, ಹುಲಿಕಲ್ ಸುತ್ತ ಮಳೆ ಅಡ್ಡಡ್ಡ ಬೀಸುತ್ತದೆ, ಸೂರಿನ ಕೆಳಗೆ ಇದೆ ಅನ್ನುವ ಧೈರ್ಯ ಸಾಲದು. ವಾಟರ್‌ಪ್ರೂಫ್ ಬಾಕ್ಸೇ ಬೇಕು.

ಗೀಸರಿನ ಎಲಿಮೆಂಟ್ ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಬದಲಾಯಿಸಿದೆ. ಎಲಿಮೆಂಟ್ ತಣ್ಣಗಿದ್ದಾಗ, ಇನ್ಸುಲೇಶನ್ ಅಳೆಯುವ ಮೆಗ್ಗರ್ ಒಳ್ಳೆಯ ಅಂಕಿ ತೋರಿಸಿ, ಬಿಸಿಯಾದಾಗ ಸೋರುವುದು ಉಂಟು. ಆದ್ದರಿಂದ ಗೀಸರನ್ನು ಕಾಯಿಸಿ, ಆಫ್ ಮಾಡಿ ಕನೆಕ್ಷನ್ ಬಿಡಿಸಿ, ಬಿಸಿ ಇರುವಾಗಲೇ ಒಮ್ಮೆ ಅಳೆಯಿರಿ. 500 ವೋಲ್ಟಿನ ಮೆಗ್ಗರಿನಲ್ಲಿ ಒಂದು ಮೆಗಾ ಓಮ್‌ಗಿಂತ ಕೆಳಗೆ ಬಂದರೆ ಅದನ್ನು ನಂಬಬೇಡಿ.

ಎಲ್ಲ ಎಂಸಿಬಿ ಕೆಳಗಿದ್ದರೂ ನಿಲ್ಲದಿದ್ದರೆ

ಇಲ್ಲಿ ತುಂಬಾ ಜನ ಆರ್‌ಸಿಸಿಬಿಯೇ ಕೆಟ್ಟಿದೆ ಅಂತ ಬದಲಾಯಿಸುತ್ತಾರೆ. ಹೊಸದೂ ಬೀಳುತ್ತದೆ. ಕಾರಣ ಇಷ್ಟೇ: ಒಂಟಿ ಎಂಸಿಬಿ ಕಡಿಯುವುದು ಫೇಸ್ ಮಾತ್ರ. ನ್ಯೂಟ್ರಲ್ ಎಲ್ಲವೂ ಬಾರಿನಲ್ಲಿ (ಡಿಬಿಯೊಳಗಿನ ಲೋಹದ ಪಟ್ಟಿಯಲ್ಲಿ) ಸೇರಿಕೊಂಡೇ ಇರುತ್ತವೆ. ಯಾವುದೋ ಒಂದು ನ್ಯೂಟ್ರಲ್ ಅರ್ತಿಂಗಿಗೆ ತಾಗಿದ್ದರೆ ಅಲ್ಲಿಂದ ಲೆಕ್ಕ ತಪ್ಪುತ್ತಲೇ ಇರುತ್ತದೆ. ಅಟ್ಟದ ಮೇಲೆ ಇಲಿ ಕಡಿದ ವೈರು, ಮುಚ್ಚಿಗೆ ಹಲಗೆಗೆ ಹೊಡೆದ ಮೊಳೆ, ಫೋಟೋ ನೇತುಹಾಕಲು ಕೊರೆದ ತೂತು, ಇವೇ ಮಾಮೂಲಿ ಅಪರಾಧಿಗಳು. ಮೇನ್ ಆಫ್ ಮಾಡಿ ನ್ಯೂಟ್ರಲ್ ವೈರುಗಳನ್ನು ಬಾರಿನಿಂದ ಒಂದೊಂದಾಗಿ ಬಿಚ್ಚಿ ಅರ್ತಿಂಗಿಗೆ ಅಳೆದು ನೋಡಬೇಕು. ಇದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ, ಆಯಾ ಅಥವಾ ಮ್ಯಾನೇಜರ್ ಕೈ ಹಾಕುವುದು ಬೇಡ. ಬಿಚ್ಚುವ ಮೊದಲು ಪ್ರತಿ ವೈರಿಗೂ ನಂಬರ್ ಚೀಟಿ ಕಟ್ಟಿ, ಇಲ್ಲದಿದ್ದರೆ ವಾಪಸ್ ಜೋಡಿಸುವಾಗ ಹೊಸ ದೋಷ ಹುಟ್ಟುತ್ತದೆ.

ಅರ್ತಿಂಗ್

ಟೆಸ್ಟ್ ಗುಂಡಿ ಒತ್ತಿದರೆ ಬಿತ್ತು, ಅಂದರೆ ಅರ್ತಿಂಗೂ ಸರಿ ಇದೆ ಅಂತ ನಂಬಿರುವವರು ಬಹಳ. ಹಾಗಲ್ಲ. ಆ ಗುಂಡಿ ಬ್ರೇಕರಿನ ಒಳಗೇ ಒಂದು ಸುಳ್ಳು ಸೋರಿಕೆ ಮಾಡುತ್ತದೆ. ಅರ್ತಿಂಗ್ ವೈರೇ ಇಲ್ಲದ ಮನೆಯಲ್ಲೂ ಅದು ಬೀಳುತ್ತದೆ. ತಿಂಗಳಿಗೊಮ್ಮೆ ಒತ್ತಬೇಕು ನಿಜ, ಅದು ಬ್ರೇಕರಿನ ಕೈಕಾಲು ಆಡುತ್ತಿದೆಯೇ ಎಂದು ನೋಡಲು ಮಾತ್ರ.

ನಮ್ಮ ಕಡೆ ಜಂಬಿಟ್ಟಿಗೆ ನೆಲ. ಮಳೆಗಾಲದಲ್ಲಿ ಒದ್ದೆ, ಏಪ್ರಿಲಿನಲ್ಲಿ ಇಟ್ಟಿಗೆಯಂತೆ ಒಣ. ಜುಲೈಯಲ್ಲಿ ಅಳೆದ ಅರ್ತಿಂಗ್ ಅಂಕಿ ಬೇಸಿಗೆಗೆ ಸುಳ್ಳಾಗುತ್ತದೆ, ಅಳೆಯುವುದಾದರೆ ಒಣಗಿದ ಕಾಲದಲ್ಲೇ ಅಳೆಯಿರಿ. ಒಂದು ಲೆಕ್ಕ ನೋಡಿ. ಅರ್ತಿಂಗ್ 20 ಓಮ್ ಇದೆ ಅಂದುಕೊಳ್ಳಿ, ಗುಡ್ಡದ ಮೇಲಿನ ಮನೆಗೆ ಅದು ಅಪರೂಪವಲ್ಲ. ಗೀಸರಿನ ಮೈಗೆ ಫೇಸ್ ತಾಗಿತು. 230 ವೋಲ್ಟನ್ನು 20ರಿಂದ ಭಾಗಿಸಿದರೆ ಹನ್ನೊಂದೂವರೆ ಆಂಪ್. 16ರ ಎಂಸಿಬಿ ಅಲುಗಾಡುವುದೂ ಇಲ್ಲ. ಗೀಸರಿನ ಮೈಯಲ್ಲಿ, ಅದಕ್ಕೆ ಸೇರಿದ ನಲ್ಲಿಯಲ್ಲಿ ಕರೆಂಟ್ ಹಾಗೇ ಕೂತಿರುತ್ತದೆ. ಅದೇ ಜಾಗದಲ್ಲಿ 30 ಮಿಲಿ ಆಂಪಿನ ಆರ್‌ಸಿಸಿಬಿ ಇದ್ದರೆ ಕಣ್ಣು ರೆಪ್ಪೆ ಹೊಡೆಯುವಷ್ಟರಲ್ಲಿ ಕಡಿಯುತ್ತದೆ. ಅರ್ತಿಂಗ್ ಕಷ್ಟ ಇರುವ ಮಲೆನಾಡಿಗೆ ಆರ್‌ಸಿಸಿಬಿ ಇನ್ನಷ್ಟು ಬೇಕು ಅನ್ನುವುದು ಇದಕ್ಕೇ. ಹಾಗಂತ ನೆಲದಲ್ಲಿ ತೋಡಿದ ಅರ್ತಿಂಗ್ ಹೊಂಡವನ್ನು ಮರೆಯಬೇಡಿ, ಪೈಪಿನ ಕ್ಲಾಂಪ್ ತುಕ್ಕು ಹಿಡಿದು ಕಳಚಿರುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ.

ಇನ್ನೊಂದು ಕೆಟ್ಟ ಅಭ್ಯಾಸ. ಪ್ಲಗ್ಗಿನ ಅರ್ತ್ ಪಿನ್ನಿಗೆ ನ್ಯೂಟ್ರಲನ್ನೇ ಸಣ್ಣ ವೈರಿನಲ್ಲಿ ಜೋಡಿಸಿಬಿಡುವುದು. ಎಲ್ಲೋ ನ್ಯೂಟ್ರಲ್ ಕಡಿದುಹೋದ ದಿನ ಮಿಕ್ಸಿ, ಫ್ರಿಜ್, ಗಾಳಿ ಮಂಚ (ಪಂಪಿನಿಂದ ಗಾಳಿ ತುಂಬುವ ಹಾಸಿಗೆ) ಎಲ್ಲದರ ಮೈಗೂ ಫೇಸ್ ಬರುತ್ತದೆ. ಪ್ಲಗ್ ಬಿಚ್ಚಿದಾಗ ಇದು ಕಂಡರೆ ಅಲ್ಲಿಗೇ ಕತ್ತರಿಸಿ.

ದೀಪಗಳು

ಒಂದೇ ದೀಪ ಮಿಣುಕಿದರೆ ಬಲ್ಬ್ ಅಥವಾ ಹೋಲ್ಡರ್. ಒಂದು ಕೋಣೆ ಪೂರ್ತಿ ಮಿಣುಕಿದರೆ ಡಿಬಿಯಲ್ಲೋ ಸ್ವಿಚ್ ಬೋರ್ಡಿನಲ್ಲೋ ಸಡಿಲ ಕನೆಕ್ಷನ್, ಮುಟ್ಟಿ ನೋಡಿದರೆ ಬೋರ್ಡ್ ಬೆಚ್ಚಗಿರುತ್ತದೆ. ಪಕ್ಕದ ಮನೆಯವರದ್ದೂ ಮಿಣುಕುತ್ತಿದ್ದರೆ ಲೈನಿನ ತೊಂದರೆ, ಕರೆಂಟ್ ಕಂಪನಿಯ 1912ಕ್ಕೆ ಫೋನ್ ಮಾಡಿ. ಆದರೆ ಮೂರು ಫೇಸ್ ಇರುವ ಮನೆಯಲ್ಲಿ ಕೆಲವು ದೀಪ ಸಪ್ಪಗಾಗಿ ಕೆಲವು ಕಣ್ಣು ಕುಕ್ಕುವ ಹಾಗೆ ಉರಿದರೆ ಯೋಚಿಸುತ್ತಾ ನಿಲ್ಲಬೇಡಿ, ಮೇನ್ ಇಳಿಸಿ. ನ್ಯೂಟ್ರಲ್ ಕಡಿದಿದೆ. 230 ಇರಬೇಕಾದ ಕಡೆ 400ರ ಹತ್ತಿರ ಏರಬಹುದು. ಆಕ್ಸಿಜನ್ ಕಾನ್ಸಂಟ್ರೇಟರ್, ಗಾಳಿ ಮಂಚದ ಪಂಪು ಎಲ್ಲ ಸುಟ್ಟುಹೋಗುತ್ತವೆ, ಬೆಂಕಿಯೂ ಹತ್ತಬಹುದು.

ಸ್ವಿಚ್ ಆಫ್ ಮಾಡಿದರೂ ಎಲ್‌ಇಡಿ ಮಂದವಾಗಿ ಉರಿಯುತ್ತಿದೆ, ಅಂತ ಒಬ್ಬ ಅಜ್ಜ ಹೇಳಿದರು. "ದೆವ್ವ ಗಿವ್ವ ಏನಲ್ಲ, ಆದರೂ ಎಂತ ಮಾರಾಯ ಅದು?" ಅಂದರು. ಒಳ್ಳೆಯ ಪ್ರಶ್ನೆ. ಹಲವು ಸಲ ಅದಕ್ಕೆ ಕಾರಣ ಸ್ವಿಚ್ಚಿಗೆ ಫೇಸ್ ಬದಲು ನ್ಯೂಟ್ರಲ್ ಕೊಟ್ಟಿರುವುದು. ಸ್ವಿಚ್ ಆಫ್ ಇದ್ದರೂ ಹೋಲ್ಡರಿನಲ್ಲಿ ಫೇಸ್ ಕಾದಿರುತ್ತದೆ. ಆಫ್ ಮಾಡಿದ್ದೇನಲ್ಲ ಅಂತ ಬಲ್ಬ್ ಬದಲಾಯಿಸಲು ಸ್ಟೂಲ್ ಹತ್ತಿದವರಿಗೆ ಶಾಕ್ ಹೊಡೆಯುತ್ತದೆ. ಸ್ವಿಚ್ ಆಫ್ ಇಟ್ಟು ಎಲೆಕ್ಟ್ರಿಷಿಯನ್ ಹೋಲ್ಡರಿಗೆ ಟೆಸ್ಟರ್ ಇಟ್ಟರೆ ತಿಳಿಯುತ್ತದೆ. ಅದೇ ಟೆಸ್ಟರಿನಿಂದ ನ್ಯೂಟ್ರಲ್ ಸರಿ ಇದೆಯೇ ಅಂತ ತಿಳಿಯುವುದಿಲ್ಲ, ಅದಕ್ಕೆ ಸೀರೀಸ್ ಲ್ಯಾಂಪ್ (ವೈರಿಗೆ ತಾಗಿಸಿ ನೋಡುವ ಬಲ್ಬ್) ಅಥವಾ ಮೀಟರ್ ಬೇಕು.

ದೀಪ ಉರಿಯುತ್ತಿದ್ದರೂ ಬೆಳಕು ಸಾಲದಿರುವುದೇ ದೋಷವಾಗಿರಬಹುದು. ಅರವತ್ತರ ಕಣ್ಣಿನ ಒಳಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಸುಮಾರು ಮೂರನೇ ಒಂದು ಪಾಲು ಮಾತ್ರ. ನಮಗೆ ಸಾಕು ಅನ್ನಿಸಿದ್ದು ಅವರಿಗೆ ಮುಸ್ಸಂಜೆ. ಬೆಳಕಿನಿಂದ ಕತ್ತಲಿಗೆ ಹೊಂದಿಕೊಳ್ಳಲೂ ಅವರ ಕಣ್ಣಿಗೆ ಹೆಚ್ಚು ಹೊತ್ತು ಬೇಕು. ಹಾಗಾಗಿ ರಾತ್ರಿ ದೀಪವನ್ನು ಗೋಡೆಯ ಮೇಲೆತ್ತರದಲ್ಲಿ ಹಾಕಿ ಕಣ್ಣಿಗೆ ಹೊಡೆಯುವ ಬದಲು, ಹಳದಿ ಬಣ್ಣದ ಸಣ್ಣ ದೀಪವನ್ನು ನೆಲದಿಂದ ಒಂದಡಿ ಮೇಲೆ, ಮಂಚದಿಂದ ಬಚ್ಚಲವರೆಗೆ ಸಾಲಾಗಿ ಹಾಕಿ. ನಮ್ಮ ಹಳೇ ಮನೆಗಳ ಹೊಸಿಲು ಒಂದು ಗೇಣು ಎತ್ತರ. ಕಾವಿ ನೆಲ ನುಣ್ಣಗೆ ಹೊಳೆಯುತ್ತದೆ, ಒದ್ದೆಯೋ ಒಣವೋ ತಿಳಿಯುವುದಿಲ್ಲ. ಪ್ರತಿ ಹೊಸಿಲಿನ ಪಕ್ಕ ಒಂದು ದೀಪ, ಹೊಸಿಲಿನ ಅಂಚಿಗೆ ಬಿಳಿ ಪಟ್ಟಿ. ಪರೀಕ್ಷೆ ಮಾಡುವುದಾದರೆ ರಾತ್ರಿ ಹೋಗಿ ಆ ಮಂಚದ ಮೇಲೆ ನೀವೇ ಕೂತು ನೋಡಿ, ಹಗಲಲ್ಲಿ ಏನೂ ಗೊತ್ತಾಗುವುದಿಲ್ಲ.

ಇನ್ವರ್ಟರ್

ಕರೆಂಟ್ ಇರುವಾಗ ಒಂದು ಕೋಣೆಯ ದೀಪ ಹಾಕಿದ ಕೂಡಲೇ ಆರ್‌ಸಿಸಿಬಿ ಬೀಳುತ್ತದೆ, ಕರೆಂಟ್ ಹೋದಾಗ ಅದೇ ದೀಪ ಚೆನ್ನಾಗಿ ಉರಿಯುತ್ತದೆ ಅಂದರೆ ಇನ್ವರ್ಟರ್ ಲೈನಿನ ನ್ಯೂಟ್ರಲ್ ಮನೆಯ ಬೇರೆ ನ್ಯೂಟ್ರಲ್ ಜೊತೆ ಬೆರೆತಿದೆ. ಹೋದ ದಾರಿ ಒಂದು, ಬಂದ ದಾರಿ ಇನ್ನೊಂದು, ಲೆಕ್ಕ ತಪ್ಪುತ್ತದೆ. ಇನ್ವರ್ಟರಿನ ನ್ಯೂಟ್ರಲ್ ಕೊನೆಯವರೆಗೂ ಬೇರೆಯಾಗಿಯೇ ಹೋಗಬೇಕು. ಮೇನ್ ಕಡೆಯ ಆರ್‌ಸಿಸಿಬಿ ಇನ್ವರ್ಟರ್ ಓಡುವಾಗ ಕಾಯುವುದಿಲ್ಲ ಅನ್ನುವುದೂ ನೆನಪಿರಲಿ. ಕರೆಂಟ್ ಹೋಗಿದೆ ಅಂತ ಒದ್ದೆ ಕೈಯಲ್ಲಿ ಮುಟ್ಟಿದರೆ ಇನ್ವರ್ಟರಿನ 230 ವೋಲ್ಟೂ ಅಷ್ಟೇ ಹೊಡೆಯುತ್ತದೆ. ಆದ್ದರಿಂದ ಇನ್ವರ್ಟರ್ ಲೈನಿಗೂ ಅದರದ್ದೇ 30 ಮಿಲಿ ಆಂಪ್ ಬ್ರೇಕರ್ ಬೇಕು, ಇನ್ವರ್ಟರ್ ಮೇಲೆ ಓಡುವಾಗ ಅದು ನಿಜಕ್ಕೂ ಕಡಿಯುತ್ತದೆಯೇ ಅಂತ ಎಲೆಕ್ಟ್ರಿಷಿಯನ್ ಪರೀಕ್ಷಿಸಬೇಕು.

ಬ್ಯಾಟರಿಯ ನಿಜ ತಿಳಿಯಲು ತಿಂಗಳಿಗೊಂದು ಸಂಜೆ ಬೇಕೆಂದೇ ಮೇನ್ ಇಳಿಸಿ ಒಂದೂವರೆ ಗಂಟೆ ಓಡಿಸಿ. ಇನ್ವರ್ಟರಿನ ಹಸಿರು ದೀಪ ನೋಡಿ ಸಮಾಧಾನ ಪಡಬೇಡಿ. 5 ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರ್ ಒಂದೇ 300 ವ್ಯಾಟಿನ ಆಸುಪಾಸು ಎಳೆಯುತ್ತದೆ. ಅದನ್ನು ಬಳಸುವವರು ಇದ್ದರೆ ಅವರ ಪಕ್ಕದಲ್ಲಿ ತುಂಬಿದ ಸಿಲಿಂಡರ್ ಇರಲೇಬೇಕು, ಇನ್ವರ್ಟರ್ ಒಂದನ್ನೇ ನೆಚ್ಚಬಾರದು.

ಜನರೇಟರ್ ಇದ್ದರೆ, ಹೊರಗಿನ ಲೈನ್ ಕಡಿದು ಜನರೇಟರಿಗೆ ಬದಲಿಸುವ ಚೇಂಜ್ ಓವರ್ ಸ್ವಿಚ್ ಕಡ್ಡಾಯ. ಪ್ಲಗ್ಗಿಗೆ ವೈರು ಚುಚ್ಚಿ ಮನೆಗೆ ಕರೆಂಟ್ ಕೊಟ್ಟರೆ ಅದು ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ) ಹಿಂದಿನಿಂದ ಹೋಗಿ ಮೇಲಿನ ಲೈನಿಗೆ ಸಾವಿರಾರು ವೋಲ್ಟಾಗಿ ಏರುತ್ತದೆ. ಸುರಿಯುವ ಮಳೆಯಲ್ಲಿ ಬಿದ್ದ ಮರ ಸರಿಸಿ ಕಂಬ ಹತ್ತಿರುವ ಲೈನ್‌ಮನ್ ನಮ್ಮ ಮನೆಗೆ ಬೆಳಕು ಕೊಡಲೆಂದೇ ಅಲ್ಲಿ ಇರುವುದು.

ಕರೆಗಂಟೆ ಮತ್ತು ಫೋನ್

ಆ ಮನೆಯ ಬೆಲ್ ವೈರ್‌ಲೆಸ್. ಅಜ್ಜಿಯ ಕೈಯಲ್ಲಿದ್ದ ಗುಂಡಿಗೆ ಅದರದ್ದೇ ಪುಟ್ಟ ಬ್ಯಾಟರಿ, ಅದು ಚೆನ್ನಾಗಿತ್ತು. ಒತ್ತಿದಾಗ ಕೆಂಪು ಚುಕ್ಕೆ ಮಿಂಚುತ್ತಲೂ ಇತ್ತು. ಆಯಾ ಕೋಣೆಯಲ್ಲಿದ್ದ ಗಂಟೆ ಮಾತ್ರ ಗೋಡೆಯ ಪ್ಲಗ್ಗಿನಲ್ಲಿ, ಕರೆಂಟಿಲ್ಲದೆ ಸತ್ತಿತ್ತು. ಗುಂಡಿ ಮಿಂಚಿದರೆ ಗಂಟೆ ಬಾರಿಸಿತು ಅಂತ ಅರ್ಥವಲ್ಲ, ಇದನ್ನು ಹಿರಿಯರಿಗೂ ತಿಳಿಸಬೇಕು. ಗಂಟೆಯ ಭಾಗ ಬ್ಯಾಟರಿ ಬ್ಯಾಕಪ್ ಇರುವಂಥದ್ದಾಗಿರಲಿ ಅಥವಾ ಇನ್ವರ್ಟರ್ ಲೈನಿನಲ್ಲಿರಲಿ.

ಬೆಲ್ ಆಗಾಗ ಕೈಕೊಟ್ಟರೆ ಮೊದಲು ಬ್ಯಾಟರಿ, ಆಮೇಲೆ ಗೋಡೆ. ಜಂಬಿಟ್ಟಿಗೆಯ ಎರಡಡಿ ದಪ್ಪದ ಗೋಡೆ ಮಳೆ ನೀರು ಕುಡಿದಾಗ ಸಿಗ್ನಲ್ ಬೇಸಿಗೆಯಷ್ಟು ದೂರ ಹೋಗುವುದಿಲ್ಲ. ಬಾಗಿಲೆಲ್ಲ ಮುಚ್ಚಿ, ಮಳೆ ಸುರಿಯುವಾಗ, ಅತಿ ದೂರದ ಕೋಣೆಯಿಂದ ಒತ್ತಿ ನೋಡಿ. ಯಾರೂ ಒತ್ತದೆ ಬಾರಿಸುತ್ತಿದ್ದರೆ ಬಚ್ಚಲಿನ ಗುಂಡಿಗೆ ತೇವ ಹೋಗಿದೆ, ಇಲ್ಲವೇ ಹತ್ತಿರದಲ್ಲಿ ಇನ್ನೊಂದು ಬೆಲ್ ಇದೇ ಕೋಡಿನಲ್ಲಿದೆ. ಕಿರಿಕಿರಿ ಅಂತ ಪ್ಲಗ್ ಕಿತ್ತಿಡುವುದೇ ಎಲ್ಲದಕ್ಕಿಂತ ಅಪಾಯ. ಬಚ್ಚಲಲ್ಲಿ ಗುಂಡಿ ಎರಡು ಕಡೆ ಬೇಕು: ಕೂತವರಿಗೆ 90 ಸೆಂಟಿಮೀಟರ್ ಎತ್ತರದಲ್ಲಿ ಒಂದು, ಬಿದ್ದವರಿಗೆ ನೆಲದಿಂದ 30 ಸೆಂಟಿಮೀಟರಿನಲ್ಲಿ ಒಂದು. ಬಿದ್ದವರಿಗೆ ಕೈ ಎತ್ತಲು ಆಗುವುದಿಲ್ಲ, ಅಲ್ವಾ?

ಮತ್ತೆ, ಪರೀಕ್ಷೆಗೆ ಬೆಲ್ ಒತ್ತಬೇಕಾದದ್ದು ನಾವಲ್ಲ, ಅವರೇ. ಗಂಟು ನೋವಿನ ಬೆರಳಿಗೆ ಗಟ್ಟಿ ಸ್ಪ್ರಿಂಗಿನ ಗುಂಡಿ ಒತ್ತಲಾಗುವುದಿಲ್ಲ. ಬೆಳಗಿನ ಕಾಫಿ ಕೊಡುವಾಗ "ಅಜ್ಜೀ, ಒಂದ್ಸಲ ಬೆಲ್ ಒತ್ತಿ ನೋಡಣ" ಅಂದರೆ ಮುಗಿಯಿತು.

ಫೋನಿನ ಮಾತು ಕಡೆಗಣಿಸಬೇಡಿ. ಮೊದಲು ತಾಮ್ರದ ತಂತಿಯ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು. ಊರಿಗೆ ಊರೇ ಕತ್ತಲಾಗಿದ್ದರೂ ಫೋನ್ ಜೀವಂತ. ಈಗ ಬಂದಿರುವುದು ಫೈಬರ್. ಗಾಜಿನ ಎಳೆಯಲ್ಲಿ ಕರೆಂಟ್ ಬರುವುದಿಲ್ಲ, ಗೋಡೆಗೆ ಹೊಡೆದ ಬಿಳಿ ಡಬ್ಬಿಗೆ ನಮ್ಮ ಮನೆಯ ಕರೆಂಟೇ ಬೇಕು. ಆ ಮನೆಯವರು "ಲ್ಯಾಂಡ್‌ಲೈನ್ ಇದೆಯಲ್ಲ" ಅಂತ ಹಳೇ ನಂಬಿಕೆಯಲ್ಲೇ ಇದ್ದರು. ಆ ಡಬ್ಬಿಗೆ ಒಂದು ಸಣ್ಣ 12 ವೋಲ್ಟಿನ ಯುಪಿಎಸ್ ಹಾಕಿ. ಮೊಬೈಲ್ ಟವರಿನ ಬ್ಯಾಟರಿಯೂ ದೀರ್ಘ ಕರೆಂಟ್ ಕಡಿತಕ್ಕೆ ಮುಗಿದುಹೋಗುತ್ತದೆ, ಆದ್ದರಿಂದ ಎರಡು ಬೇರೆ ಕಂಪನಿಯ ಸಿಮ್ ಇರಲಿ, ಮನೆಯಲ್ಲಿ ಎಲ್ಲಿ ನಿಂತರೆ ಸಿಗ್ನಲ್ ಸಿಗುತ್ತದೆ ಅನ್ನುವುದು ರಾತ್ರಿ ಪಾಳಿಯವರಿಗೆ ಗೊತ್ತಿರಲಿ. 112, 108, 1912 ಈ ಮೂರು ನಂಬರನ್ನು ದಪ್ಪ ಅಕ್ಷರದಲ್ಲಿ ಗೋಡೆಗೆ ಬರೆಸಿ. ಇಷ್ಟಾದ ಮೇಲೂ ಪ್ರತಿ ಮಂಚದ ಪಕ್ಕ ಒಂದು ಹಿತ್ತಾಳೆಯ ಕೈಗಂಟೆ ಇಡಿಸಿದೆ. ಅದಕ್ಕೆ ಬ್ಯಾಟರಿಯೂ ಬೇಡ, ಸಿಗ್ನಲ್ಲೂ ಬೇಡ.

ಕೊನೆಗೆ ಏನು ಬದಲಾಯಿಸಿದೆವು

ಒಂದು ಆರ್‌ಸಿಸಿಬಿಯ ಬದಲು ಐದು. ಗೀಸರುಗಳಿಗೆ ಒಂದು. ಹೊರಗಿನ ದೀಪ, ಪಂಪಿಗೆ ಒಂದು. ಅಡುಗೆಮನೆಗೆ ಒಂದು. ಕೋಣೆಯ ಪ್ಲಗ್, ಫ್ಯಾನಿಗೆ ಒಂದು. ದಾರಿ ದೀಪ, ಕರೆಗಂಟೆ, ಫೈಬರ್ ಡಬ್ಬಿ ಇನ್ವರ್ಟರ್ ಲೈನಿನಲ್ಲಿ, ಅದಕ್ಕೆ ಬೇರೆ ಒಂದು. ಐದೂ 30 ಮಿಲಿ ಆಂಪಿನವೇ. ಮೇನಿಗೆ ತಡವಾಗಿ ಬೀಳುವ 300 ಮಿಲಿ ಆಂಪಿನದು ಹಾಕಿದೆವು, ಅದು ಮರದ ಮುಚ್ಚಿಗೆಗೆ ಬೆಂಕಿ ತಾಗದಿರಲಿ ಎಂದು. ಮೇನಿಗೂ 30ರದ್ದೇ ಹಾಕಿದ್ದರೆ ಯಾವುದು ಮೊದಲು ಬೀಳುತ್ತದೆ ಹೇಳಲಾಗದು, ಮತ್ತೆ ಮನೆ ಪೂರ್ತಿ ಕತ್ತಲೆ.

ಡಿಬಿ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿದ್ದೇವೆ. ಆಯಾ ಅವರ ಕೈಬರಹದಲ್ಲೇ ಬರೆಸಿದೆ, ಅವರಿಗೆ ಅರ್ಥವಾಗುವ ಮಾತಿನಲ್ಲಿ. ಒಂದನೇ ಸಾಲು: "ಮೊದಲು ಟಾರ್ಚ್ ಹಿಡಿದು ಮೂರನೇ ಕೋಣೆ ಅಜ್ಜಿ ನೋಡು. ಆಮೇಲೆ ಗೀಸರ್ ಸ್ವಿಚ್ ಆಫ್ ಮಾಡು."